ಕೀ ಕೊಟ್ಟ ವಾಚು, ಬಿಟ್ಟು ಹೋದ ಟ್ರೈನು

ನಂಗೆ ಹಳೇ ಸಾಮಾನಿನ ಹುಚ್ಚಿದೆ ಅಂತ ಮನೇಲಿ ಎಲ್ರೂ ಹೇಳ್ತಾರೆ. ಹುಚ್ಚಲ್ಲ, ಅಭಿರುಚಿ ಅಂತ ಎಷ್ಟು ಸಲ ತಿದ್ದಿದ್ರೂ ಹೆಂಡತಿ ಮಾತ್ರ ಎರಡನ್ನೂ ಬಿಟ್ಟು "ಗುಜರಿ" ಅನ್ನೋ ಮೂರನೇ ಪದದಲ್ಲೇ ಗಟ್ಟಿಯಾಗಿ ನಿಂತಿದಾಳೆ. ನನ್ನ ಹತ್ರ ಬಹಳ ಏನಿಲ್ಲ, ಒಂದು ಕೀ ಕೊಡೋ ವಾಚು, ಒಂದು ಎಬೊನೈಟ್ ಪೆನ್ನು, ಒಂದು ರೀಲ್ ಕ್ಯಾಮೆರಾ, ಒಂದು ಚರ್ಮದ ಸೂಟ್‌ಕೇಸು. ನಾಲ್ಕಕ್ಕೂ ನನಗಿಂತ ವಯಸ್ಸು ಜಾಸ್ತಿ, ನಾಲ್ಕಕ್ಕೂ ನನಗಿಂತ ಹಠ ಜಾಸ್ತಿ.

ಈ ನಾಲ್ಕನ್ನೂ ಒಟ್ಟಿಗೆ ಹೊರಡಿಸ್ಕೊಂಡು ಒಂದ್ಸಲ ನಿಧಾನವಾಗಿ, ಕಿಟಕಿ ಪಕ್ಕ ಕೂತು, ಪ್ರತಿ ಸಣ್ಣ ಸ್ಟೇಷನ್ನಲ್ಲೂ ನಿಲ್ಲೋ ಟ್ರೈನಲ್ಲಿ ಹೋಗಬೇಕು ಅಂತ ಬಹಳ ದಿನದ ಆಸೆ ಇತ್ತು. ಎಕ್ಸ್‌ಪ್ರೆಸ್‌ನಲ್ಲಿ ನಾಲ್ಕು ಗಂಟೆಯ ದಾರಿಗೆ ಎಂಟು ಗಂಟೆ ತಗೊಳ್ಳೋ ಟ್ರೈನಿಗೆ ಟಿಕೆಟ್ ಮಾಡಿಸಿದೆ. ಹೆಂಡತಿ "ಯಾಕ್ರೀ, ನಾಲ್ಕು ಗಂಟೆ ಜಾಸ್ತಿ ಜಗಳ ಆಡೋಕಾ?" ಅಂದ್ಲು. ನಾನು ಸ್ವಿಟ್ಜರ್ಲೆಂಡಿನ ಗ್ಲೇಸಿಯರ್ ಎಕ್ಸ್‌ಪ್ರೆಸ್ ಕಥೆ ಶುರು ಮಾಡಿದೆ, 1930ರಿಂದ ಓಡ್ತಿದೆ, ಹೆಸರಿಗೆ ಎಕ್ಸ್‌ಪ್ರೆಸ್ ಆದ್ರೂ 291 ಕಿಲೋಮೀಟರಿಗೆ ಸುಮಾರು ಎಂಟು ಗಂಟೆ ತಗೊಳ್ಳತ್ತೆ, ಆ ನಿಧಾನಕ್ಕೇ ಜನ ದುಡ್ಡು ಕೊಟ್ಟು ಹತ್ತುತ್ತಾರೆ ಅಂತ. "ಅಲ್ಲಿ ಕಿಟಕಿ ಆಚೆ ಆಲ್ಪ್ಸ್ ಪರ್ವತ ಇರತ್ತೆ" ಅಂದ್ಲು. ಸರಿ, ಊಟಿ ಬೆಟ್ಟದ ರೈಲು ತಗೋ, 46 ಕಿಲೋಮೀಟರ್ ಹತ್ತೋಕೆ ಐದು ಗಂಟೆ ಹತ್ತಿರ ಆಗತ್ತೆ ಅಂದೆ. "ಅಲ್ಲೂ ಬೆಟ್ಟ ಇದೆ" ಅಂದ್ಲು. ನಮ್ಮ ದಾರೀಲಿ ಬೆಟ್ಟ ಇರ್ಲಿಲ್ಲ ಅನ್ನೋದು ನಿಜ, ಆದ್ರೆ ಅಭಿರುಚಿ ಇರೋರಿಗೆ ಬಯಲೂ ಸಾಕು ಅಂತ ಹೇಳಿ ಮಾತು ಮುಗಿಸಿದೆ.

ಸೂಟ್‌ಕೇಸಿನ ವಿಷಯ ಮೊದಲು ಹೇಳಿಬಿಡ್ತೀನಿ. ಅದಕ್ಕೆ ಚಕ್ರ ಇಲ್ಲ. ಸೂಟ್‌ಕೇಸಿಗೆ ಚಕ್ರ ಹಾಕೋ ಐಡಿಯಾಗೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದು 1972ರಲ್ಲಿ, ನನ್ನದು ಅದಕ್ಕಿಂತ ಹಿಂದಿನದು. ಖಾಲಿ ಇದ್ದಾಗಲೇ ಯಾರೋ ಒಳಗೆ ಕೂತಿದಾರೇನೋ ಅನ್ನೋ ಭಾರ. ಆದ್ರೆ ಆ ಹೊಲಿಗೆ ನೋಡ್ಬೇಕು ನೀವು. ಒಂದೇ ದಾರದ ಎರಡೂ ತುದಿಗೆ ಎರಡು ಸೂಜಿ ಹಾಕಿ, ಒಂದೇ ತೂತಿನಲ್ಲಿ ಆ ಕಡೆಯಿಂದ ಒಂದು ಈ ಕಡೆಯಿಂದ ಒಂದು ದಾಟಿಸಿ ಎಳೆದು ಬಿಗಿದಿರೋ ಕೈ ಹೊಲಿಗೆ ಅದು, ನಡುವೆ ಎಲ್ಲೋ ಒಂದು ಕಡೆ ಕಿತ್ರೂ ಉಳಿದಿದ್ದು ಹಿಡ್ಕೊಂಡಿರತ್ತೆ. ಮಷೀನ್ ಹೊಲಿಗೆ ಹಾಗಲ್ಲ, ಒಂದು ಬಿಟ್ರೆ ಪಕ್ಕದ್ದೂ ಹಿಂದೆನೇ ಬಿಚ್ಚಿಕೊಂಡು ಬರತ್ತೆ. ಇದನ್ನೆಲ್ಲಾ ನಾನು ಸ್ಟೇಷನ್ ಮೆಟ್ಟಿಲು ಹತ್ತುತ್ತಾ ಹೆಂಡತಿಗೆ ವಿವರಿಸ್ತಾ ಇರುವಾಗ್ಲೇ ಹಿಡಿಕೆ ಕೈಗೆ ಬಂತು. ಸೂಟ್‌ಕೇಸು ಒಬ್ಬನೇ ಹದಿನಾರು ಮೆಟ್ಟಿಲು ಇಳ್ಕೊಂಡು ಹೋಗಿ ಕೆಳಗೆ ಗಂಭೀರವಾಗಿ ನಿಂತ್ಕೊಂಡ. ಹೋಗಿ ನೋಡಿದ್ರೆ ಹಳೇ ಹೊಲಿಗೆ ಒಂದೂ ಅಲ್ಲಾಡಿಲ್ಲ, ಕಿತ್ತಿದ್ದು ಹಿಡಿಕೆ ಹತ್ರ ಇನ್ನಷ್ಟು ಗಟ್ಟಿ ಇರ್ಲಿ ಅಂತ ಹೋದ ತಿಂಗಳು ನಾನೇ ಮಷೀನಲ್ಲಿ ಹಾಕಿಸಿದ್ದ ಹೊಲಿಗೆ ಮಾತ್ರ.

ಅದನ್ನ ಮಗು ಥರ ಎರಡೂ ಕೈಲಿ ಎತ್ಕೊಂಡು ಪ್ಲಾಟ್‌ಫಾರ್ಮಿಗೆ ಬಂದೆ. ನನ್ನ ಫೋನು ಅದರ ತಳದಲ್ಲಿತ್ತು, ಸ್ವಿಚ್ ಆಫ್ ಆಗಿ. ನಿಧಾನ ಪ್ರಯಾಣ ಅಂದ್ಮೇಲೆ ಫೋನ್ ನೋಡಬಾರದು ಅಂತ ನಾನೇ ಮಾಡ್ಕೊಂಡ ನಿಯಮ. ಟೈಮಿಗೆ ಕೈಲಿ ವಾಚಿತ್ತಲ್ಲ.

ವಾಚಿನ ಪ್ರಕಾರ ಟ್ರೈನ್ ಹೊರಡೋ ಟೈಮು, 9:20, ಆಗೋಯ್ತು. ಟ್ರೈನ್ ಸುಳಿವೇ ಇಲ್ಲ. ಪ್ಲಾಟ್‌ಫಾರ್ಮ್ ಗಡಿಯಾರ 8:55 ತೋರಿಸ್ತಿತ್ತು. ಪಕ್ಕದಲ್ಲಿ ಕೂತಿದ್ದ ಹಿರಿಯರಿಗೆ ನಾನು ಹೇಳಿದೆ, "ನೋಡಿ ಸಾರ್, ಈ ಗಡಿಯಾರ ಇಪ್ಪತ್ತೈದು ನಿಮಿಷ ಹಿಂದಿದೆ, ಸೆಲ್ ವೀಕಾಗಿರಬೇಕು." ಅವರು ನನ್ನ ವಾಚು ನೋಡಿದ್ರು, ಗೌರವ ಬಂದಿರಬೇಕು, ತಮ್ಮ ವಾಚನ್ನೂ ನನ್ನದಕ್ಕೆ ಸರಿಯಾಗಿ ಇಪ್ಪತ್ತೈದು ನಿಮಿಷ ಮುಂದೆ ತಿರುಗಿಸಿಕೊಂಡ್ರು. ಪಾಪ. ಅವರು ಯಾವ ಊರಲ್ಲಿ ಇಳಿದ್ರೋ, ಯಾರನ್ನ ಬೇಗ ಹೋಗಿ ಎಬ್ಬಿಸಿದ್ರೋ ನಂಗೊತ್ತಿಲ್ಲ.

ಟ್ರೈನು ನನ್ನ 9:45ಕ್ಕೆ ಹೊರಡ್ತು. ಈಗ ಒಂದು ವಿಷಯ ಒಪ್ಕೋಬೇಕು, ನಿಧಾನವನ್ನ ಆರಾಧಿಸೋಕೆ ಅಂತಲೇ ಆ ಟ್ರೈನ್ ಹತ್ತಿದ ನಾನು, ಅದು ಇಪ್ಪತ್ತೈದು ನಿಮಿಷ ಲೇಟು ಅಂತ ಗೊತ್ತಾದ ಕೂಡ್ಲೇ ಉರಿದುಹೋದೆ. ನೋಟ್‌ಬುಕ್ ತೆಗೆದು ಪ್ರತಿ ಸ್ಟೇಷನ್ನಿನಲ್ಲೂ ಬರಬೇಕಾದ ಟೈಮು, ಬಂದ ಟೈಮು ಅಂತ ಎರಡು ಕಾಲಂ ಹಾಕಿ ಬರೆಯೋಕೆ ಶುರು ಮಾಡ್ದೆ. ಹೊಲ ಹೋಯ್ತಂತೆ, ಕೆರೆ ಹೋಯ್ತಂತೆ, ಕೆರೇಲಿ ಬೆಳ್ಳಕ್ಕಿ ಇತ್ತಂತೆ. ಹೆಂಡತಿ ಆಮೇಲೆ ಹೇಳಿದ್ದು. ನಾನು ಕಾಲಂ ತುಂಬಿಸ್ತಾ ಇದ್ದೆ.

ಬರೀತಿದ್ದಿದ್ದು ಎಬೊನೈಟ್ ಪೆನ್ನಿನಲ್ಲಿ. ರಬ್ಬರಿಗೆ ಗಂಧಕ ಸೇರಿಸಿ ಬೇಯಿಸಿ ಗಟ್ಟಿ ಮಾಡಿ, ಲೇತ್ ಮೇಲೆ ಕಡೆದು ಮಾಡಿರೋ ಪೆನ್ನು, ಹಿಡಿದ್ರೆ ಪ್ಲಾಸ್ಟಿಕ್ ಥರ ತಣ್ಣಗಿರಲ್ಲ, ಬೆಚ್ಚಗೆ ಯಾರದೋ ಬೆರಳು ಹಿಡಿದ ಹಾಗಿರತ್ತೆ. ಒಳಗೆ ರೀಫಿಲ್ಲೂ ಇಲ್ಲ ಟ್ಯೂಬೂ ಇಲ್ಲ, ಫಿಲ್ಲರಲ್ಲಿ ಇಂಕು ನೇರ ಹೊಟ್ಟೆಗೇ ಬಿಡೋದು. ಪ್ರಯಾಣದಲ್ಲಿ ಸೋರಬಾರದು ಅಂತ ನಾನು ಬುದ್ಧಿವಂತಿಕೆಯಿಂದ ಕಾಲು ಭಾಗ ಮಾತ್ರ ಇಂಕು ಹಾಕಿದ್ದೆ. ಇಂಥ ಪೆನ್ನಿಗೆ ಮಾಡಬಾರದ ಕೆಲಸ ಅದೇ ಅಂತೆ. ಇಂಕು ಕಮ್ಮಿ ಇದ್ದಷ್ಟೂ ಒಳಗೆ ಗಾಳಿ ಜಾಸ್ತಿ, ಕೈ ಶಾಖಕ್ಕೆ ಆ ಗಾಳಿ ಉಬ್ಬಿ ಇಂಕನ್ನ ನಿಬ್ಬಿನ ಕಡೆ ತಳ್ಳತ್ತೆ, ಭರ್ತಿ ತುಂಬಿದ್ದಿದ್ರೆ ತೆಪ್ಪಗಿರ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಪೆನ್ನು ತೇಗೋಕೆ ಶುರು ಮಾಡ್ತು. ಒಂದೊಂದು ತೇಗಿಗೂ ಒಂದೊಂದು ಸ್ಟೇಷನ್ ಮುಳುಗಿಹೋಯ್ತು. ಒರೆಸಿ ಜೇಬಿಗೆ ಹಾಕ್ಕೊಂಡೆ, ಅಲ್ಲಿ ಎದೆ ಶಾಖ ಬೇರೆ ಇತ್ತಲ್ಲ, ಇನ್ನೊಂದು ಸಲ ತೇಗ್ತು.

ಇಳಿಯೋ ಸ್ಟೇಷನ್ ಬಂದಾಗ ನನ್ನ ವಾಚಲ್ಲಿ 6:01, ಬರಬೇಕಾಗಿದ್ದು 5:30ಕ್ಕೆ. ಮೂವತ್ತೊಂದು ನಿಮಿಷ ಲೇಟು! ನೇರ ಸ್ಟೇಷನ್ ಆಫೀಸಿಗೆ ಹೋದೆ, ಎದೆ ಮೇಲೆ ಅಂಗೈ ಅಗಲದ ನೀಲಿ ಕಲೆ, ಕಂಕುಳಲ್ಲಿ ಹಿಡಿಕೆ ಇಲ್ಲದ ಸೂಟ್‌ಕೇಸು, ಕೈಲಿ ನೋಟ್‌ಬುಕ್. ಅಲ್ಲಿದ್ದ ಅಧಿಕಾರಿ ಬಹಳ ಸಮಾಧಾನದ ಮನುಷ್ಯ. ನನ್ನ ಎರಡೂ ಕಾಲಂ ಮೇಲಿಂದ ಕೆಳಗೆ ಓದಿದ್ರು, ಇಂಕಲ್ಲಿ ಮುಳುಗಿದ ಎರಡು ಸ್ಟೇಷನ್ ಹತ್ರ ಬೆರಳಿಟ್ಟು "ಇಲ್ಲಿ ಎಷ್ಟು ಲೇಟು ಸಾರ್?" ಅಂತ ಕೇಳಿದ್ರು, ಆಮೇಲೆ ಗೋಡೆ ಗಡಿಯಾರ ನೋಡಿದ್ರು, ತಮ್ಮ ಕಂಪ್ಯೂಟರ್ ನೋಡಿದ್ರು, ನನ್ನ ಮಣಿಕಟ್ಟು ನೋಡಿದ್ರು.

"ಸಾರ್, ಟ್ರೈನು ಎರಡು ನಿಮಿಷ ಮುಂಚೆ ಬಂದಿದೆ."

ಹೊರಗೆ ಬಂದು ಹೆಂಡತೀನ ಕೇಳಿದೆ, ನಿನ್ನ ಫೋನಲ್ಲಿ ಟೈಮಿತ್ತಲ್ಲ, ಬೆಳಿಗ್ಗೆಯಿಂದ ಗೊತ್ತಿತ್ತಾ ಅಂತ.

"ಗೊತ್ತಿತ್ತು."

"ಮತ್ತೆ ಹೇಳೋದಲ್ವಾ?"

"ಎಂಟು ಗಂಟೆ ನೀವು ನನ್ನ ಬಿಟ್ಟು ರೈಲ್ವೆ ಮೇಲೆ ಸಿಟ್ಟಾಗಿದ್ರಿ. ಬೆಳ್ಳಕ್ಕಿ ನೋಡ್ಕೊಂಡು ಆರಾಮಾಗಿದ್ದೆ ಕಣ್ರೀ."

ಮಾರನೇ ದಿನ ವಾಚ್ ರಿಪೇರಿ ಮಾಡೋ ಒಬ್ರನ್ನ ಹುಡುಕಿಕೊಂಡು ಹೋದೆ. ವಯಸ್ಸಾದವರು, ಕಣ್ಣಿಗೆ ಲೂಪ್, ಅಂದ್ರೆ ಪುಟ್ಟ ಭೂತಗನ್ನಡಿ, ಸಿಕ್ಕಿಸಿಕೊಂಡೇ ತಲೆ ಎತ್ತಿದ್ರು. ನಾನು ಗಾಬರಿಯಲ್ಲಿ ಎಲ್ಲಾ ಹೇಳಿದೆ, ಅವರು ಏನೂ ಮಾತಾಡದೆ ಡ್ರಾಯರಿಂದ ಒಂದು ಸಣ್ಣ ದಿಕ್ಸೂಚಿ ತೆಗೆದು ವಾಚಿನ ಹತ್ರ ತಂದ್ರು. ಉತ್ತರಕ್ಕೆ ಮುಖ ಮಾಡಿ ನೆಮ್ಮದಿಯಾಗಿದ್ದ ಮುಳ್ಳು ನಡುಗಿ ವಾಚಿನ ಕಡೆ ತಿರುಗ್ತು. "ರಾತ್ರಿ ಬಿಚ್ಚಿ ಎಲ್ಲಿಡ್ತೀಯಪ್ಪಾ ಇದನ್ನ?" ಅಂದ್ರು. ಮೇಜಿನ ಮೇಲೆ ಬ್ಲೂಟೂತ್ ಸ್ಪೀಕರ್ ಇದೆ, ಅದರ ಮೇಲೆ ಇಟ್ರೆ ನೋಡೋಕೆ ಚೆನ್ನಾಗಿ ಕಾಣತ್ತೆ, ಅಲ್ಲಿ ಅಂದೆ. ಅವರು ಲೂಪ್ ತೆಗೆದು ಬರಿಗಣ್ಣಲ್ಲಿ ನನ್ನನ್ನ ನೋಡಿದ್ರು.

ಸ್ಪೀಕರ್ ಒಳಗೆ ಅಯಸ್ಕಾಂತ ಇರತ್ತೆ. ವಾಚಿನೊಳಗೆ ಕೂದಲೆಳೆಯಂಥ ಒಂದು ಸುರುಳಿ ಸ್ಪ್ರಿಂಗ್ ಇರತ್ತೆ, ಹೇರ್‌ಸ್ಪ್ರಿಂಗ್ ಅಂತಾರೆ, ಅದು ಬಿಗಿದು ಬಿಚ್ಚಿ ಮಾಡ್ತಾ ಸೆಕೆಂಡಿಗೆ ಐದು ಸಲ ಟಿಕ್ ಅನ್ನಿಸತ್ತೆ, ಅಂದ್ರೆ ದಿನಕ್ಕೆ 4,32,000 ಸಲ. ಅಯಸ್ಕಾಂತ ಹತ್ತಿದ್ರೆ ಸುರುಳಿಗಳು ಒಂದಕ್ಕೊಂದು ಅಂಟ್ಕೊಂಡು ಸ್ಪ್ರಿಂಗ್ ಗಿಡ್ಡ ಆದ ಹಾಗಾಗತ್ತೆ, ಗಿಡ್ಡ ಆದ್ರೆ ಓಟ ಜೋರು. ಅವರು ವಾಚನ್ನ ಅಯಸ್ಕಾಂತದ ಗುಣ ಬಿಡಿಸೋ ಒಂದು ನೀಲಿ ಡಬ್ಬಿ ಮೇಲಿಟ್ಟು ಬಟನ್ ಒತ್ತಿ ಮೆಲ್ಲಗೆ ಮೇಲಕ್ಕೆತ್ತಿದ್ರು, ಅಷ್ಟೇ. ನನ್ನ ಎಂಟು ಗಂಟೆಯ ಸಿಟ್ಟಿಗೆ ಐದು ಸೆಕೆಂಡಿನ ಔಷಧ.

ಸಾಕಲ್ವಾ, ಎದ್ದು ಬರಬಹುದಿತ್ತು. ಆದ್ರೆ ಅವರು ಹಿಂದಿನ ಮುಚ್ಚಳ ತೆಗೆದು "ನೋಡಿದೀಯಾ ಯಾವಾಗ್ಲಾದ್ರೂ?" ಅಂದ್ರು, ನೋಡಿರ್ಲಿಲ್ಲ ನಾನು. ಹನ್ನೊಂದು ವರ್ಷ ಕೈಗೆ ಕಟ್ಟಿದೀನಿ, ಒಳಗೆ ನೋಡಿಲ್ಲ. ಲೂಪ್ ಕೊಟ್ರು. ಉಗುರಿನಷ್ಟು ಅಗಲದ ತಗಡಿನ ಮೇಲೆ ಉತ್ತ ಹೊಲದ ಸಾಲಿನಂಥ ಗೆರೆಗಳು, ತಿರುಗಿಸಿದ್ರೆ ಬೆಳಕು ಅದರ ಮೇಲೆ ಹರಿದು ಹೋಗತ್ತೆ. ಸಾಸಿವೆಗಿಂತ ಸಣ್ಣ ಸ್ಕ್ರೂಗಳು ಕಡು ನೀಲಿ. ಬಣ್ಣ ಹಚ್ಚಿದ್ದಲ್ಲ, ಉಕ್ಕನ್ನ ಸುಮಾರು 300 ಡಿಗ್ರಿಗೆ ಕಾಯಿಸಿ, ಆ ನೀಲಿ ಬಂದ ಗಳಿಗೇಲೇ ತೆಗೆದಿದ್ದು, ಸ್ವಲ್ಪ ಹೊತ್ತು ಬಿಟ್ರೆ ಬೂದಿ ಬಣ್ಣಕ್ಕೆ ಹೋಗಿಬಿಡತ್ತಂತೆ. ಹದಿನೇಳು ಕೆಂಪು ಕಲ್ಲು. ಕಾರ್ಖಾನೇಲಿ ಬೆಳೆಸಿದ ಮಾಣಿಕ್ಯ, ಮಾರಿದ್ರೆ ಏನೂ ಬರಲ್ಲ, ಸವೆಯಬಾರದು ಅಂತ ಹಾಕಿರೋದು. ಇದೆಲ್ಲಾ ಮುಚ್ಚಳದ ಒಳಗೆ, ಕಟ್ಟಿಕೊಂಡೋನಿಗೆ ಕಾಣಲ್ಲ, ಎದುರಿಗಿರೋನಿಗೂ ಕಾಣಲ್ಲ. ರಿಪೇರಿ ಮಾಡೋನು ಒಬ್ಬ ನೋಡ್ತಾನೆ, ಅದೂ ಕೆಟ್ಟಾಗ. ಅವನೊಬ್ಬನಿಗೋಸ್ಕರ ಯಾರೋ ಕೂತು ಇಷ್ಟು ಉಜ್ಜಿದಾರೆ.

ಮುಚ್ಚಳದ ಒಳಮೈಯಲ್ಲಿ ಸೂಜೀಲಿ ಕೆರೆದ ಹಾಗೆ ನಾಲ್ಕು ಪುಟ್ಟ ಗುರುತುಗಳಿದ್ವು. ಹಿಂದೆ ಬಿಚ್ಚಿ ಕ್ಲೀನ್ ಮಾಡಿದ ನಾಲ್ಕು ಜನ ರಿಪೇರಿಯವರು ಹಾಕಿದ್ದಂತೆ, ತಾರೀಕೋ ನಂಬರೋ, ಅವರವರಿಗೇ ಗೊತ್ತಾಗೋ ಲೆಕ್ಕ. "ನೀವೂ ಒಂದು ಹಾಕಿ" ಅಂದೆ ಭಾವುಕನಾಗಿ. "ಸ್ಪೀಕರ್ ಮೇಲಿಂದ ಇಳಿಸಿದ್ದಕ್ಕೆಲ್ಲಾ ಸಹಿ ಹಾಕಲ್ಲಪ್ಪ" ಅಂದ್ರು.

ವಾಪಸ್ ಹೊರಟ ದಿನ ನಾನು ಬೇರೆ ಮನುಷ್ಯ. ಪೆನ್ನಿಗೆ ಭರ್ತಿ ಇಂಕು, ಸೂಟ್‌ಕೇಸಿಗೆ ಹಗ್ಗ, ವಾಚು ಸೆಕೆಂಡಿಗೆ ಸರಿ. ಫೋನ್ ಮಾತ್ರ ತಳದಲ್ಲೇ, ನಿಯಮ ನಿಯಮವೇ. ಈ ಸಲ ಕಾಲಂ ಗೀಲಂ ಇಲ್ಲ, ಕಿಟಕಿ ಆಚೆನೇ ನೋಡ್ಕೊಂಡು ಬಂದೆ, ಬೆಳ್ಳಕ್ಕಿ ಹದಿಮೂರು ಎಣಿಸಿದೆ. ದಾರಿ ಮಧ್ಯದ ಒಂದು ಜಂಕ್ಷನ್ನಲ್ಲಿ ಟ್ರೈನು ಇಪ್ಪತ್ತು ನಿಮಿಷ ನಿಲ್ಲತ್ತೆ, ಕ್ಯಾಮೆರಾ ಹಿಡ್ಕೊಂಡು ಇಳಿದೆ. ಸಂಜೆ ಬಿಸಿಲು, ತುಕ್ಕು ಹಿಡಿದ ಸಿಗ್ನಲ್ ಕಂಬ, ಅದರ ಮೇಲೊಂದು ಕಾಗೆ. ವಾಚು ನೋಡಿದೆ, 4:22. ಬೇಕಾದಷ್ಟು ಟೈಮಿದೆ ಅಂತ ಪ್ಲಾಟ್‌ಫಾರ್ಮಿನ ತುದಿಗೆ ನಡೆದೆ. 36 ಫೋಟೋ ರೀಲು, ನಿಧಾನಕ್ಕೆ ಫೋಕಸ್ ಮಾಡಿ ಒಂದೊಂದೇ ತೆಗೆದೆ. ಮತ್ತೆ ವಾಚು ನೋಡಿದೆ, 4:22. ಎಂಥಾ ಸಂಜೆ, ಕಾಲವೇ ನಿಂತುಹೋದ ಹಾಗಿದೆ ಅಂದ್ಕೊಂಡೆ. ನಿಜವಾಗ್ಲೂ ಹಾಗಂದ್ಕೊಂಡೆ, ಮನಸ್ಸಲ್ಲಿ, ಪೂರ್ತಿ ವಾಕ್ಯದಲ್ಲಿ. ಇನ್ನೂ ಮೂರು ಫೋಟೋ ತೆಗೆದೆ. ಕೌಂಟರ್ 39 ತೋರಿಸ್ತು.

36ರ ರೀಲಲ್ಲಿ 39ನೇ ಫೋಟೋ ಹೇಗೆ ಬಂತು ಅಂತ ಯೋಚಿಸಿದಾಗ ಹೊಟ್ಟೇಲಿ ತಣ್ಣಗಾಯ್ತು. ರೀಲು ಹಲ್ಲಿಗೆ ಸರಿಯಾಗಿ ಸಿಕ್ಕಿದ್ರೆ ಲಿವರ್ ಎಳೆದಾಗೆಲ್ಲಾ ಎಡಗಡೆ ಸುತ್ತೋ ಗುಂಡಿ ತಿರುಗಬೇಕು, ನನ್ನದು ತಿರುಗೇ ಇರ್ಲಿಲ್ಲ. ಕಾಗೆ, ಕಂಬ, ಬಿಸಿಲು, ಒಂದೂ ಇಲ್ಲ. ಇದೇ ಯೋಚನೇಲಿ ಮೂರನೇ ಸಲ ವಾಚು ನೋಡಿದೆ, 4:22, ಅದೇ ಹೊತ್ತಿಗೆ ನಮ್ಮ ಟ್ರೈನಿನ ಕೊನೇ ಡಬ್ಬಿ ನನ್ನ ಪಕ್ಕದಲ್ಲೇ ದಾಟಿ ಹೋಯ್ತು. ಕಿಟಕೀಲಿ ಹೆಂಡತಿ ಕೈ ಬೀಸಿದ್ದು ಬಾ ಅಂತಲೋ ಟಾಟಾ ಅಂತಲೋ ಇವತ್ತಿಗೂ ಹೇಳಿಲ್ಲ.

ಕೀ ಕೊಟ್ಟಿರ್ಲಿಲ್ಲ. ಭರ್ತಿ ಕೀ ಕೊಟ್ರೆ ಒಂದೂವರೆ ದಿನ ಓಡೋ ವಾಚಿಗೆ, ಈಗ ಸರಿ ಹೋಯ್ತಲ್ಲ ಅನ್ನೋ ಖುಷೀಲಿ, ಎರಡು ದಿನದಿಂದ ಕೀನೇ ಕೊಟ್ಟಿರ್ಲಿಲ್ಲ.

ಫೋನು, ಸೂಟ್‌ಕೇಸು, ಹೆಂಡತಿ ಮೂವರೂ ಟ್ರೈನಲ್ಲಿ ಹೋದ್ರು. ಮುಂದಿನ ಟ್ರೈನು 6:40ಕ್ಕೆ ಅಂದ್ರು. ಬೆಂಚಲ್ಲಿ ಒಬ್ರು ಕೂತಿದ್ರು, ನಿವೃತ್ತರ ಥರ ಕಾಣ್ತಿದ್ರು, ಟೈಮೆಷ್ಟು ಸಾರ್ ಅಂತ ಕೇಳಿದೆ. ಅವರು ತೋಳನ್ನ ನಿಧಾನವಾಗಿ ಮಡಚಿ ಮಣಿಕಟ್ಟು ಹೊರಗೆ ತೆಗೆದ ರೀತೀಲೇ ನಂಗೆ ಗೊತ್ತಾಗಿಬಿಡ್ತು, ನಮ್ಮ ಪೈಕಿ. "ಆಟೋಮ್ಯಾಟಿಕ್ಕು, ಕೈ ಆಡಿದ್ರೆ ತಾನೇ ಕೀ ತಗೊಳ್ಳತ್ತೆ, ನಮ್ಮಪ್ಪಂದು" ಅಂದ್ರು, ಟೈಮ್ ಹೇಳೋಕಿಂತ ಮುಂಚೆ. ನಾನು ನನ್ನದನ್ನ ಬಿಚ್ಚಿ ಅವರ ಕೈಗಿಟ್ಟೆ. ಕೀ ಕೊಟ್ಟು, ಅವರದಕ್ಕೆ ಸರಿಯಾಗಿ ಟೈಮಿಟ್ಟು, ನೀಲಿ ಸ್ಕ್ರೂ ಕಥೆ ಹೇಳಿದೆ, ಅಯಸ್ಕಾಂತದ ಕಥೆ ಹೇಳಿದೆ, ಅವರು ಜಪಾನಿನವರು 1969ರ ಕ್ರಿಸ್‌ಮಸ್ ದಿನ ಮೊದಲ ಕ್ವಾರ್ಟ್ಜ್ ವಾಚು, ಅಂದ್ರೆ ಕೀ ಬೇಡದ ಸೆಲ್ ವಾಚು, ಬಿಟ್ಟು ನಮ್ಮಂಥವರ ಹೊಟ್ಟೆ ಮೇಲೆ ಹೊಡೆದ ಕಥೆ ಹೇಳಿದ್ರು. ಅನೌನ್ಸ್‌ಮೆಂಟ್ ಆಗಿರಬಹುದು, ನಾವು ಎಸ್ಕೇಪ್‌ಮೆಂಟ್, ಅಂದ್ರೆ ವಾಚಿಗೆ ಟಿಕ್ ಟಿಕ್ ಅನ್ನಿಸೋ ಭಾಗದ ಬಗ್ಗೆ ಮಾತಾಡ್ತಿದ್ವಿ. ನಡುವೆ ಎದುರಿಗೆ ಒಂದು ಟ್ರೈನ್ ಬಂದು ನಿಂತು, ಜನ ಹತ್ತಿ, ಹೊರಟೂ ಹೋಯ್ತು. "ನಮ್ಮದಲ್ಲ ಬಿಡಿ" ಅಂದ್ರು ಅವರು.

ಅದರ ಹಿಂದಿನ ಕೆಂಪು ದೀಪ ತಿರುವಲ್ಲಿ ಮರೆಯಾಗುವಾಗ ಯಾಕೋ ಕೇಳಿದೆ, ಸಾರ್, ಬೆಳಿಗ್ಗೆ ನೀವು ಏನು ನೋಡಿ ಟೈಮಿಟ್ರಿ ಅಂತ.

"ಬಹಳ ದಿನದಿಂದ ಕಟ್ಟಿರ್ಲಿಲ್ಲ, ನಿಂತಿತ್ತು. ಅಂದಾಜಿನ ಮೇಲೆ ಇಟ್ಟೆ" ಅಂದ್ರು.

ಇಬ್ಬರ ವಾಚಲ್ಲೂ 6:22, ಸೆಕೆಂಡ್ ಮುಳ್ಳು ಕೂಡ ಒಂದೇ ಜಾಗದಲ್ಲಿ.