ಸೊನ್ನೆ ಹಾಕಿದ ಸಾಲು

ಎರಡು ವರ್ಷದ ಹಿಂದೆ ವೈದ್ಯರ ಒತ್ತಡ ಅಳೆಯುವ ಫಾರಂ ಒಂದನ್ನು ತುಂಬಿಕೊಟ್ಟಿದ್ದೆ. ಕ್ರಿಸ್ಟಿನಾ ಮ್ಯಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ 1981ರಲ್ಲಿ ಪ್ರಕಟಿಸಿದ ಮಾಪಕ ಅದು. 22 ವಾಕ್ಯ, ಪ್ರತಿಯೊಂದಕ್ಕೂ ಸೊನ್ನೆಯಿಂದ ಆರರೊಳಗೆ ಒಂದು ಅಂಕಿ. ಇಬ್ಬರು ಪೇಷೆಂಟುಗಳ ನಡುವೆ ಗುರುತು ಹಾಕಿ ಮುಗಿಸಿದೆ. ರೋಗಿಗಳನ್ನು ವಸ್ತುಗಳ ಹಾಗೆ ಕಾಣುತ್ತೇನೆ ಎಂಬರ್ಥದ ಸಾಲಿಗೆ ಸೊನ್ನೆ ಕೊಟ್ಟೆ, ಅಂದರೆ ಎಂದೂ ಹಾಗನ್ನಿಸಿಲ್ಲ ಎಂದು. ನಿಜವನ್ನೇ ಬರೆದೆ.

ಮೊನ್ನೆ ಸಮುದಾಯ ವೈದ್ಯಶಾಸ್ತ್ರದಲ್ಲಿ ಎಂ.ಡಿ. ಮಾಡುತ್ತಿರುವ ಹುಡುಗಿಯೊಬ್ಬಳು ಥೀಸಿಸ್‌ಗೆಂದು ಬಂದಳು. ಅನುಮತಿ ಕೇಳಿ ರೆಕಾರ್ಡರ್ ಒತ್ತಿದಳು. "ಸರ್, ಈ ವಾರ ಮನೆಗೆ ಹೋದ ಮೇಲೂ ತಲೆಯಿಂದ ಇಳಿಯದೇ ಇದ್ದದ್ದು ಏನಾದ್ರೂ ಇದೆಯಾ?"

"ಏನಿಲ್ಲಮ್ಮ" ಅಂದೆ. ಅವಳು ಮುಂದಿನ ಪ್ರಶ್ನೆಗೆ ಹೋಗದೆ ಸುಮ್ಮನೆ ಕೂತಳು. ಆಮೇಲೆ ಮುಕ್ಕಾಲು ಗಂಟೆ ನಾನೇ ಮಾತಾಡಿದೆ.

ಸ್ಕೂಲಿನ ಗೆಳೆಯನ ಅಪ್ಪ ಎದೆ ಹಿಡಿದುಕೊಂಡು ಬಂದಿದ್ದರು. ಇಸಿಜಿ ನೋಡಿ, ಆಸ್ಪಿರಿನ್ ಅಗಿಸಿ, ಈಗಲೇ ಜಿಲ್ಲಾಸ್ಪತ್ರೆಗೆ ಹೊರಡಿ ಅಂದೆ. "ಅಲ್ಲೆಲ್ಲ ಯಾರಪ್ಪ ಓಡಾಡೋರು, ನೀನೇ ಒಂದು ಸೂಜಿ ಹಾಕು, ನಿನ್ನ ಕೈಗುಣ ಸಾಕು" ಅಂದರು. ಗೋಗರೆದು ಕಾರು ಹತ್ತಿಸಿದೆ. ಅವರು ಉಳಿದರು. ಆದರೂ ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಅವರು ದಾರಿಯಲ್ಲೇ ಹೋಗಿಬಿಟ್ಟಿದ್ದರೆ, ಬೆಳಗ್ಗೆ ಹಾಲಿನ ಬೂತಿನ ಮುಂದೆ ಗೆಳೆಯನ ಮುಖ ಹೇಗೆ ನೋಡುತ್ತಿದ್ದೆ?

ವೈದ್ಯ ರೋಗಿಯಿಂದ ಎಷ್ಟು ದೂರ ಸರಿದಿದ್ದಾನೆ ಎಂದು ಆ ಫಾರಂ ಕೇಳುತ್ತದೆ. ಸಣ್ಣ ಊರಿನ ಫ್ಯಾಮಿಲಿ ಡಾಕ್ಟರಿಗೆ ಸರಿಯಲು ಜಾಗವೆಲ್ಲಿದೆ? ಮದುವೆಮನೆಯ ಪಂಕ್ತಿಯಲ್ಲೂ ಶುಗರ್ ರಿಪೋರ್ಟು ಜೇಬಿನಿಂದ ಹೊರಬರುತ್ತದೆ. ರಾತ್ರಿ ಹನ್ನೊಂದಕ್ಕೆ ವಾಟ್ಸಾಪಿನಲ್ಲಿ ಮಗುವಿನ ಮೈಮೇಲಿನ ಗಂಧೆಯ ಫೋಟೊ. ಸೊನ್ನೆ ಹಾಕಿದ್ದೆನಲ್ಲ, ನನ್ನ ಸುಸ್ತು ಇದ್ದದ್ದು ಅದೇ ಸಾಲಿನ ಹಿಂದೆ. ಅಷ್ಟು ಹತ್ತಿರ ಇರುವುದರಿಂದಲೇ ಬಂದ ಸುಸ್ತು ಅದು. ಹೀಗೊಂದು ಇದೆಯೆಂದು ಗೊತ್ತಿಲ್ಲದವರು ಅದಕ್ಕೆ ಪ್ರಶ್ನೆ ಬರೆಯುವುದಾದರೂ ಹೇಗೆ? ಮೊದಲು ಯಾರಾದರೂ ಬಂದು ಕೂತು ಕೇಳಿಸಿಕೊಳ್ಳಬೇಕು.

ಎಷ್ಟು ವೈದ್ಯರಿಗೆ ಒತ್ತಡವಿದೆ ಎಂಬ ಲೆಕ್ಕಕ್ಕೆ ಫಾರಂ ಬೇಕೇ ಬೇಕು, ಇಪ್ಪತ್ತು ಜನರ ಮಾತಿನಿಂದ ಅದು ಸಿಗದು. ಸಂದರ್ಶನದ ಅಪಾಯವೂ ಬೇರೆಯೇ ಇದೆ. ಹೆಸರು ತೆಗೆದರೂ ನಮ್ಮೂರಿನವರು ಈ ಕಥೆ ಓದಿದರೆ ಯಾರೆಂದು ಹೇಳಿಬಿಡುತ್ತಾರೆ. ಅದಕ್ಕೇ ಇಲ್ಲೂ ಕೆಲವು ವಿವರ ಬದಲಿಸಿದ್ದೇನೆ. ಅವಳಿಗೂ ಹಾಗೇ ಮಾಡಲು ಹೇಳಿದೆ.

ಥೀಸಿಸ್ ಮಾಡುವವರು ಇದನ್ನು ಓದುತ್ತಿದ್ದರೆ ಒಂದು ಮಾತು: ಓಪಿಡಿ ಹೊತ್ತಲ್ಲಿ ಬರಬೇಡಿ. ರಾತ್ರಿ ಎಂಟೂವರೆಯ ಮೇಲೆ ಬನ್ನಿ, ಶಟರ್ ಅರ್ಧ ಇಳಿಸಿರುತ್ತೇನೆ.