ಸೈಕಲ್ ಹೆಲ್ಮೆಟ್: ದಂಡಕ್ಕಿಂತ ಮೊದಲು ದಾರಿ ಬೇಕು

ಸೈಕಲ್ ಸವಾರರೆಲ್ಲರಿಗೂ ಹೆಲ್ಮೆಟ್ ಕಡ್ಡಾಯಗೊಳಿಸಿ, ತಪ್ಪಿದವರಿಗೆ ದಂಡ ವಿಧಿಸಬೇಕೆಂಬ ಸಲಹೆಯನ್ನು ಲೇಖನವೊಂದರಲ್ಲಿ ಓದಿದೆ. ಅದರ ಲೇಖಕರ ಕಾಳಜಿಯನ್ನು ಗೌರವಿಸುತ್ತೇನೆ. ಸಲಹೆಯನ್ನು ಮಾತ್ರ ಒಪ್ಪಲಾರೆ. ಹೆಲ್ಮೆಟ್‌ನ ಪ್ರಯೋಜನದ ಬಗ್ಗೆ ನನಗೆ ಸಂಶಯವಿಲ್ಲ. ಕಳೆದ ಮಳೆಗಾಲದಲ್ಲಿ ಕುಂಬಳೆ–ಬದಿಯಡ್ಕ ರಸ್ತೆಯ ತಿರುವೊಂದರಲ್ಲಿ ಅಣ್ಣನ ಮಗ ಸೈಕಲ್‌ನಿಂದ ಜಾರಿ ಬಿದ್ದಾಗ, ಹೆಲ್ಮೆಟ್‌ನ ಒಳಗಿನ ಥರ್ಮೋಕೋಲಿನಂಥ ಪದರ ಕಿವಿಯ ಮೇಲ್ಭಾಗದಲ್ಲಿ ಅಡ್ಡಕ್ಕೆ ಸೀಳಿಹೋಗಿತ್ತು. ಹುಡುಗನ ತಲೆಗೆ ಗೀರು ಕೂಡ ಆಗಿರಲಿಲ್ಲ. (ಹೀಗೆ ಒಮ್ಮೆ ಪೆಟ್ಟು ತಿಂದ ಹೆಲ್ಮೆಟನ್ನು ಮತ್ತೆ ಬಳಸಬಾರದು.)

ಆದರೆ ಆ ಪದರವಿರುವುದು ತಲೆ ನೆಲಕ್ಕೆ ಬಡಿದಾಗಿನ ಪೆಟ್ಟನ್ನು ಹೀರಿಕೊಳ್ಳುವುದಕ್ಕೇ ಹೊರತು, ವೇಗವಾಗಿ ಬಂದು ಗುದ್ದುವ ಲಾರಿಯಿಂದ ಸವಾರನನ್ನು ಉಳಿಸುವುದಕ್ಕಲ್ಲ. ರಾಷ್ಟ್ರೀಯ ಹೆದ್ದಾರಿ 66ರ ಸರ್ವಿಸ್ ರಸ್ತೆಯಲ್ಲಿ ಬಸ್ಸು, ಆಟೋಗಳ ನಡುವೆ ನುಸುಳಿಕೊಂಡು ಶಾಲೆಗೆ ಹೋಗುವ ನಮ್ಮ ಮಕ್ಕಳಿಗೆ ಮೊದಲು ಬೇಕಾಗಿರುವುದು ಪ್ರತ್ಯೇಕ ಸೈಕಲ್ ಪಥ. ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯ 1990ರಲ್ಲಿ, ನ್ಯೂಜಿಲೆಂಡ್ 1994ರಲ್ಲಿ ಹೆಲ್ಮೆಟ್ ಕಡ್ಡಾಯ ಮಾಡಿದವು. ಅದರಿಂದ ಜನ ಸೈಕಲ್ ತುಳಿಯುವುದನ್ನೇ ಬಿಟ್ಟರೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ನೆದರ್ಲೆಂಡ್ಸ್ ಅಂಥ ಕಾನೂನಿನ ಬದಲು ಪಥಗಳನ್ನು ಕಟ್ಟಿತು.

ನಮ್ಮ ಮೋಟಾರು ವಾಹನ ಕಾಯ್ದೆಯ 129ನೇ ಕಲಮಿನ ಹೆಲ್ಮೆಟ್ ನಿಯಮ ಮೋಟಾರು ದ್ವಿಚಕ್ರ ವಾಹನಗಳಿಗೆ ಸಂಬಂಧಿಸಿದ್ದು. ಅದನ್ನು ಸೈಕಲ್ಲಿಗೂ ವಿಸ್ತರಿಸಿದರೆ ಮೊದಲು ದಂಡ ತೆರುವವರು ನಸುಕಿನಲ್ಲಿ ಪತ್ರಿಕೆ ಹಾಕುವ ಹುಡುಗರು ಮತ್ತು ಕೂಲಿಗೆ ಹೋಗುವವರು. ಪಂಚಾಯತುಗಳು ಶಾಲಾ ಮಕ್ಕಳಿಗೆ ಉಚಿತವಾಗಿ ಹೆಲ್ಮೆಟ್ ಕೊಡುವುದಾದರೆ, ಅದನ್ನು ನಾನು ಮನಸಾರೆ ಬೆಂಬಲಿಸುತ್ತೇನೆ.