ಬರೀ ನೀರು ಸಾಲದು, ಉಪ್ಪೂ ಬೇಕು

"ಬೇಸಿಗೆಯಲ್ಲಿ ಉಪ್ಪು ಮೈಯ ನೀರನ್ನು ಒಣಗಿಸುತ್ತದೆ, ಅದನ್ನು ಬಿಟ್ಟು ನೀರು ಮಾತ್ರ ಕುಡಿಯಿರಿ" ಅಂತ ಬರೆದಿದ್ದೀರಿ. ಇದನ್ನು ಎಲ್ಲರಿಗೂ ಹೇಳುವುದು ತಪ್ಪು. ಕೂತು ಕೆಲಸ ಮಾಡುವವರು ಉಪ್ಪು ಕಡಿಮೆ ಮಾಡಲಿ, ಸರಿ. ಆದರೆ ಮೇ ತಿಂಗಳಲ್ಲಿ ನಮ್ಮ ಮುಂಬೈಯ ಯಾವುದಾದರೂ ಉಡುಪಿ ಹೋಟೆಲಿನ ಅಡುಗೆಮನೆಗೆ ಬಂದು ನೋಡಿ. ದೋಸೆ ಕಾವಲಿ ಮುಂದೆ ನಿಂತವರ ಬನಿಯನ್ ಮೇಲೆ ಬೆವರು ಒಣಗಿ ಬಿಳಿ ಗೆರೆ ಬಿದ್ದಿರುತ್ತದೆ, ಅದು ಉಪ್ಪೇ ಅಲ್ವಾ? ಹೋದದ್ದನ್ನು ತುಂಬದೆ ಸುಮ್ನೆ ಲೀಟರ್‌ಗಟ್ಟಲೆ ನೀರು ಕುಡಿದರೆ ರಕ್ತದಲ್ಲಿ ಸೋಡಿಯಂ, ಅಂದರೆ ಉಪ್ಪಿನ ಅಂಶ, ಇಳಿದು ತಲೆನೋವು, ವಾಂತಿ ಶುರುವಾಗಬಹುದು, ತೀರಾ ಜಾಸ್ತಿಯಾದರೆ ಫಿಟ್ಸ್ ಕೂಡ.

ಭೇದಿಯಾದಾಗಲಂತೂ ಈ ಸಲಹೆ ಅಪಾಯ. ಕರುಳಿನಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಜೊತೆಯಾಗಿ ಒಳಗೆ ಹೋಗುತ್ತವೆ, ನೀರು ಅವುಗಳ ಬೆನ್ನಿಗೇ ಹೋಗುತ್ತದೆ. ಓಆರ್‌ಎಸ್ (ಭೇದಿಯಾದಾಗ ಕುಡಿಸುವ ಉಪ್ಪು-ಸಕ್ಕರೆ ದ್ರಾವಣ) ಕೆಲಸ ಮಾಡುವುದೇ ಹೀಗೆ. 1971ರಲ್ಲಿ ಬಂಗಾಳದ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬಿಸ್ ಕಾಲರಾ ರೋಗಿಗಳಿಗೆ ಇದನ್ನೇ ಕುಡಿಸಿ ಎಷ್ಟೋ ಜೀವ ಉಳಿಸಿದರು. ಪ್ಯಾಕೆಟ್ ಸಿಗದಿದ್ದರೆ 1 ಲೀಟರ್ ಶುದ್ಧ ನೀರಿಗೆ 6 ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಅಳತೆ ಮೀರಬಾರದು, ಉಪ್ಪು ಹೆಚ್ಚಾದರೆ ಮಕ್ಕಳಿಗೆ ತೊಂದರೆ. ಬಿಪಿ, ಕಿಡ್ನಿ ಸಮಸ್ಯೆ ಇರುವವರು ಡಾಕ್ಟರನ್ನು ಕೇಳಲಿ. ದಯವಿಟ್ಟು ಆ ಸಾಲನ್ನು ತಿದ್ದಿ.